ಸ್ಕ್ಯಾನ್ ಇದೆಯಂತೆ, ಮದ್ದಿಲ್ಲವಂತೆ

ಮಾನ್ಯ ಸಂಪಾದಕರೇ,

'ಆನೆಕಾಲು ರೋಗಿಗಳಿಗೆ ಕೊಯ್ಯದೆ, ಚುಚ್ಚದೆ ದುಗ್ಧನಾಳ ಪರೀಕ್ಷೆ' ಎಂಬ ವರದಿ ನಿಮ್ಮ ಜಿಲ್ಲಾ ಪುಟದಲ್ಲಿ ಬಂದಿತ್ತಷ್ಟೆ. (ದುಗ್ಧನಾಳವೆಂದರೆ ಮೈಯೊಳಗಿನ ತಿಳಿ ರಸವನ್ನು ಸಾಗಿಸುವ ನಾಳ. ಆನೆಕಾಲಿನ ಹುಳು ಸೇರಿಕೊಂಡು ಕೆಡಿಸುವುದು ಅದನ್ನೇ.) ವೇದಿಕೆ ಮೇಲೆ ಯಾವ್ಯಾವ ಸಾಹೇಬರಿದ್ದರು, ದೀಪ ಹಚ್ಚಿದವರಾರು, ಎಲ್ಲವೂ ಇತ್ತು. ಅದನ್ನು ನಂಬಿ ನಮ್ಮ ಅಕ್ಕನನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ದು, ಬಂದ ದಾರಿಗೆ ಸುಂಕವಿಲ್ಲವೆಂದು ಇಂದು ಬೆಳಿಗ್ಗೆ ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದಿದ್ದೇನೆ. ಸಿಟ್ಟು ಆರುವ ಮೊದಲೇ ಬರೆಯುತ್ತಿದ್ದೇನೆ.

'ಚುಚ್ಚದೆ' ಎಂಬುದಂತೂ ಸುಳ್ಳು. ಟೆಕ್ನೀಷಿಯಂ ಎಂಬ ವಿಕಿರಣ ಸೂಸುವ ಧಾತು ಬೆರೆಸಿದ ಮದ್ದನ್ನು ಸಣ್ಣ ಸೂಜಿಯಿಂದ ಕಾಲ್ಬೆರಳ ಸಂದಿಗೇ ಕೊಡುತ್ತಾರೆ. ಅದು ದುಗ್ಧನಾಳ ಹಿಡಿದು ಮೇಲೇರುವುದನ್ನು ಆ ವಿಕಿರಣ ಹಿಡಿಯುವ ಗಾಮಾ ಕ್ಯಾಮೆರಾ ಚಿತ್ರ ತೆಗೆಯುತ್ತದೆ. ನೆಟ್ಟಗಿರುವ ಕಾಲಾದರೆ ತೊಡೆಸಂದಿಯ ಗ್ರಂಥಿಗಳು ಚಿತ್ರದಲ್ಲಿ ಎದ್ದು ಕಾಣುತ್ತವೆ. ಕೆಟ್ಟ ಕಾಲಾದರೆ ಮದ್ದು ದಾರಿ ಸಿಗದೆ ಚರ್ಮದಡಿಯೇ ಹರಡಿಕೊಳ್ಳುತ್ತದೆ. 1950ರ ದಶಕದಲ್ಲಿ ಪಾದ ಕೊಯ್ದು, ಕೂದಲೆಳೆಯಂಥ ನಾಳ ಹುಡುಕಿ, ಅದಕ್ಕೆ ಮದ್ದು ತುಂಬಿ ಎಕ್ಸ್‌ರೇ ತೆಗೆಯುತ್ತಿದ್ದರು. ಅದರ ಮುಂದೆ ಈ ಸೂಜಿ ಏನೂ ಅಲ್ಲ, ಒಪ್ಪಿದೆ. ಆದರೆ ಚುಚ್ಚುವವರಾದರೂ ಸಿಗಬೇಕಲ್ಲ!

ರಾತ್ರಿಯೆಲ್ಲ ರೈಲಿನಲ್ಲಿ ಕಾಲು ಇಳಿಬಿಟ್ಟು ಕೂತು ಅಕ್ಕನ ಪಾದ ಇನ್ನಷ್ಟು ಬಾತಿತ್ತು. ಚಪ್ಪಲಿ ಹಿಡಿಸದೆ ಹಳೇ ಸೀರೆಯ ತುಂಡು ಸುತ್ತಿಕೊಂಡು ನಡೆದಳು. ಜಿಲ್ಲೆಯಿಂದ ಕೊಟ್ಟ ಶಿಫಾರಸು ಚೀಟಿ ನೋಡಿದ ಕೌಂಟರಿನವರು ಡಾಪ್ಲರ್‌ಗೆ ಅಟ್ಟಿದರು. ಡಾಪ್ಲರ್ ತೋರಿಸುವುದು ರಕ್ತದ ಓಟವನ್ನು. ನಿಧಾನವಾಗಿ ಜಿನುಗುವ ದುಗ್ಧರಸ ಅದಕ್ಕೆ ಎಲ್ಲಿ ಕಂಡೀತು? ಅದೂ ಅಲ್ಲದೆ, ಮೊದಲೇ ಮಾಡಿಸಿದ ಡಾಪ್ಲರ್ ವರದಿ ನನ್ನ ಕೈಯಲ್ಲೇ ಇತ್ತು. 'ಹಳೇದು ಸಾರ್, ಹೊಸದು ಮಾಡಿಸಿ' ಎಂದರು. ಮಾಡಿಸಿದ್ದಾಯಿತು. ಆಮೇಲೆ ನೆಲಮಾಳಿಗೆಗೆ ಹೋಗಿ ಅಂದರು. ಲಿಫ್ಟ್ ಸಿಬ್ಬಂದಿಗೆ ಮಾತ್ರವಂತೆ, ಆನೆಕಾಲಿನವರಿಗೆ ಮೆಟ್ಟಿಲು. ಕೆಳಗೆ ಇಳಿದರೆ ಒಬ್ಬ ಹುಡುಗ, 'ಮದ್ದು ಬಂದಿಲ್ಲ ಯಜಮಾನ್ರೆ, ಸೋಮವಾರ ಬನ್ನಿ. ಟೆಕ್ನೀಷಿಯಂ ಆರು ತಾಸಿಗೆ ಅರ್ಧ ಆಗಿಬಿಡುತ್ತೆ, ತುಂಬಿಡೋಕಾಗಲ್ಲ' ಎಂದು ವಿಜ್ಞಾನದ ಮೇಷ್ಟ್ರಿಗೇ ಪಾಠ ಹೇಳಿದ. ಹಾಗಿದ್ದ ಮೇಲೆ ರೋಗಿ ಊರು ಬಿಡುವ ಮೊದಲೇ ದಿನ ಗೊತ್ತುಮಾಡಿ ಒಂದು ಫೋನ್ ಮಾಡಬಾರದೇ? ಟೆಕ್ನೀಷಿಯಂ ಆರು ತಾಸು ತಾಳುತ್ತದೆ. ನಮ್ಮ ಸಾಹೇಬರ ಭರವಸೆ ವೇದಿಕೆ ಇಳಿಯುವವರೆಗೂ ತಾಳಲಿಲ್ಲ.

ಬೇರೆ ಕಡೆ ಏನಾಗಿದೆ ನೋಡಿ. ಕೇರಳದ ಆಲಪ್ಪುಳದ ವೈದ್ಯರು ಊತವೇ ಇಲ್ಲದ ಸೋಂಕಿತ ಮಕ್ಕಳ ಕಾಲನ್ನು ಇದೇ ಸ್ಕ್ಯಾನಿನಲ್ಲಿ ನೋಡಿ, ಒಳಗೆ ನಾಳ ಹಿಗ್ಗಿದ್ದನ್ನು ಕಂಡರು. ಸಾಮೂಹಿಕ ಔಷಧ ಕಾರ್ಯಕ್ರಮದಲ್ಲಿ ಕೊಡುವ ಮಾತ್ರೆಗಳಿಂದಲೇ ಆ ದೋಷ ಹಿಂದೆ ಸರಿಯುತ್ತದೆಂದು 2009ರಲ್ಲಿ ಪ್ರಕಟಿಸಿದರು. (ಅಲ್ಲಿಯ ಹುಳು ಬೇರೆ ಜಾತಿಯದು, ಇರಲಿ.) ಬ್ರೆಜಿಲ್ಲಿನ ರೆಸಿಫೆಯವರು 1994ರಲ್ಲೇ ಬರೀ ಅಲ್ಟ್ರಾಸೌಂಡ್‌ನಲ್ಲಿ ಗಂಡಸರ ವೃಷಣ ಚೀಲದ ದುಗ್ಧನಾಳದೊಳಗೆ ಜೀವಂತ ಹುಳು ಹೊರಳಾಡುವುದನ್ನು ತೋರಿಸಿದ್ದಾರೆ. ಅಲ್ಟ್ರಾಸೌಂಡ್ ನಮ್ಮಲ್ಲೂ ಉಂಟು. ಕೋಣೆಗೆ ಬೀಗ, ಬೀಗದ ಕೈ ಇರುವವರು ರಜೆಯಲ್ಲಿ.

ಮಾತ್ರೆಯ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ನಮ್ಮ ಜಿಲ್ಲೆ ಮೂರು ಔಷಧಗಳ ಪ್ರಯೋಗವನ್ನು ದೇಶದಲ್ಲಿ ಮೊದಮೊದಲು ಕಂಡ ಜಿಲ್ಲೆಗಳಲ್ಲೊಂದು. ಕಣ್ಣೆದುರೇ ನುಂಗಿಸಬೇಕೆಂಬುದು ನಿಯಮ. ನಮ್ಮ ಓಣಿಗೆ ಬಂದವರು ಮಾತ್ರೆಯ ಪ್ರಮಾಣಕ್ಕೆಂದು ಎತ್ತರ ಅಳೆಯುವ ಕೋಲನ್ನು ಗೋಡೆಗೆ ಆನಿಸಿ, 'ಉಂಡ ಮೇಲೆ ತಗೊಳ್ರಿ' ಎಂದು ಮಾತ್ರೆ ಕೈಗಿಟ್ಟು, ಬೆರಳಿಗೆ ಶಾಯಿ ಹಚ್ಚಿ ನಡೆದರು. ಲೆಕ್ಕದಲ್ಲಿ ಎಲ್ಲರೂ ನುಂಗಿದ್ದೇವೆ! ಹುಳುವಿನ ಮರಿಗಳು ರಕ್ತದಲ್ಲಿ ಸಿಗುವುದು ರಾತ್ರಿ, ರಕ್ತ ತೆಗೆಯುವವರು ಬಂದದ್ದು ಸಂಜೆಯ ಚಹಾ ಹೊತ್ತಿಗೆ. ಇನ್ನು ಈ ರೋಗದ ಸೊಳ್ಳೆ ಹುಟ್ಟುವ ಗಟಾರದ ಬಗ್ಗೆ ನಗರಸಭೆಗೆ ಕೊಟ್ಟ ಅರ್ಜಿಗಳನ್ನು ಒಟ್ಟು ಮಾಡಿದ್ದರೆ ಆ ಗಟಾರವನ್ನೇ ಮುಚ್ಚಬಹುದಿತ್ತು. ಅಂಗವಿಕಲತೆ ಪ್ರಮಾಣಪತ್ರದ ಕತೆ ಬೇರೆಯೇ ಇದೆ, ಇನ್ನೊಂದು ಪತ್ರ ಬೇಕಾದೀತು.

2027ಕ್ಕೆ ರೋಗ ನಿರ್ಮೂಲನೆ ಎಂದು ಗೋಡೆಗೋಡೆಗೆ ಬರೆಸುತ್ತಿರುವವರು ಕೂಡಲೇ ಎಚ್ಚೆತ್ತು, ಆ ಸ್ಕ್ಯಾನನ್ನು ಜಿಲ್ಲೆಗೇ ತರಬೇಕು, ಇಲ್ಲವೇ ಅಲ್ಲಿಯದನ್ನಾದರೂ ಸರಿಯಾಗಿ ನಡೆಸಬೇಕು. ಎರಡೂ ಆಗದಿದ್ದರೆ ಗಟಾರವಾದರೂ ಬಳಿಸಲಿ. ಅದೂ ಆಗದ ಮಹಾಶಯರು ಪೇಪರಿಗೆ ಫೋಟೊ ಕೊಡುವುದನ್ನಾದರೂ ನಿಲ್ಲಿಸಲಿ. ನೀವೂ ಅಷ್ಟೇ, ಅಂಥ ಫೋಟೊ ಹಾಕುವ ಮುಂಚೆ ಯಂತ್ರದ ಜೊತೆಗೆ ಮದ್ದೂ ಇದೆಯೇ ಎಂದು ಒಮ್ಮೆ ವಿಚಾರಿಸಿ.

– ನಿವೃತ್ತ ಶಿಕ್ಷಕ, ಯಾದಗಿರಿ