ರಾತ್ರಿ ಯಾವ ಬಾಗಿಲು ತಟ್ಟಬೇಕು ಅಂತ ಮೊದಲೇ ಹೇಳಿ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ನಾನು ತುಮಕೂರು ಜಿಲ್ಲೆಯ ಮಧುಗಿರಿ–ಪಾವಗಡ ಸೀಮೆಯ ಒಂದು ಹಳ್ಳಿಯವಳು. ಊರಿನ ಹಾಲಿನ ಡೇರಿಯಲ್ಲಿ ಕಾರ್ಯದರ್ಶಿ ಕೆಲಸ ಮಾಡುತ್ತೇನೆ. ಬೆಳಗ್ಗೆ ಆರಕ್ಕೆ ಒಮ್ಮೆ, ಸಂಜೆ ಆರಕ್ಕೆ ಒಮ್ಮೆ ಊರಿನ ಅರ್ಧ ಜನ ಕ್ಯಾನು ಹಿಡಿದು ನನ್ನ ಮುಂದೆ ಸಾಲು ನಿಲ್ಲುತ್ತಾರೆ. ಯಾರಿಗೆ ಜ್ವರ, ಯಾರ ಮನೆ ಸೊಸೆಗೆ ದಿನ ತುಂಬಿದೆ, ಯಾರ ಬಿಪಿ ಮಾತ್ರೆ ಮುಗಿದಿದೆ, ಎಲ್ಲ ಆ ಸಾಲಿನಲ್ಲೇ ಗೊತ್ತಾಗುತ್ತದೆ. ಈ ಪತ್ರವನ್ನು ನಾನೊಬ್ಬಳೇ ಬರೆಯುತ್ತಿದ್ದರೂ ಇದರಲ್ಲಿರುವುದು ಆ ಸಾಲಿನವರೆಲ್ಲರ ಮಾತು.

ಹೋದ ವರ್ಷ ಕಡ್ಲೆಕಾಯಿ ಕೀಳುವ ಕಾಲದಲ್ಲಿ ನಮ್ಮ ಮಾವನಿಗೆ ಹಾವು ಕಚ್ಚಿತು. ಸಂಜೆ ಏಳು ಗಂಟೆ ಇರಬೇಕು. ಮಳೆ ಬರುವ ಹಾಗಿತ್ತು ಅಂತ ಹೊಲದಲ್ಲಿ ಬಿಟ್ಟಿದ್ದ ಬಳ್ಳಿಯನ್ನು ತಬ್ಬಿ ಎತ್ತಿ ಮೆದೆಗೆ ಹಾಕುತ್ತಿದ್ದರು. ಬಳ್ಳಿಯ ಕೆಳಗೆ ಕೊಳಕುಮಂಡಲ ಮಲಗಿತ್ತು. ಬಲಗೈ ಮಣಿಕಟ್ಟಿನ ಹತ್ತಿರ ಕಚ್ಚಿತು. ನಾನು ಡೇರಿಯಿಂದ ಓಡಿ ಹೋಗುವ ಹೊತ್ತಿಗೆ ಕೈ ಊದಲು ಶುರುವಾಗಿತ್ತು.

ಪಕ್ಕದ ಹೊಲದವರು ಹಗ್ಗ ತಂದು ತೋಳಿಗೆ ಬಿಗಿಯಲು ಹೊರಟರು. ಇನ್ನೊಬ್ಬರು ಬ್ಲೇಡಿನಿಂದ ಕುಯ್ದು ರಕ್ತ ತೆಗೆಯೋಣ ಅಂದರು. ಮಂತ್ರ ಹಾಕುವವರ ಮನೆ ಹತ್ತಿರದಲ್ಲೇ ಇದೆ ಅಂತಲೂ ಹೇಳಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಕೈಗೆ ಸಿಕ್ಕಿದ್ದನ್ನು ಮಾಡಲು ಹೋದರು, ಅಷ್ಟೇ. ಆದರೆ ನಮ್ಮ ಆಶಾ ಕಾರ್ಯಕರ್ತೆ ಹಿಂದೊಮ್ಮೆ ಡೇರಿಯಲ್ಲೇ ಎಲ್ಲರಿಗೂ ಹೇಳಿದ್ದು ನೆನಪಿತ್ತು. ಕಟ್ಟಬೇಡಿ, ಕುಯ್ಯಬೇಡಿ, ಕಚ್ಚಿದ ಕೈ ಕಾಲು ಅಲುಗಾಡಿಸಬೇಡಿ, ಸೀದಾ ಆಸ್ಪತ್ರೆಗೆ ಹೋಗಿ ಅಂದಿದ್ದರು. ನಾವು ಹಾಗೇ ಮಾಡಿದೆವು. ಕೈಗೆ ಒಂದು ರೀಪು ಕಟ್ಟಿ, ಅಲುಗದ ಹಾಗೆ ಹಿಡಿದುಕೊಂಡು ಆಟೋ ಹತ್ತಿದೆವು.

ಆದರೆ ಸ್ವಾಮಿ, ಸೀದಾ ಆಸ್ಪತ್ರೆಗೆ ಹೋಗಿ ಅಂದರೆ ಯಾವ ಆಸ್ಪತ್ರೆಗೆ?

ಮೊದಲು ಹೋಗಿದ್ದು ಒಂಬತ್ತು ಕಿಲೋಮೀಟರ್ ದೂರದ ಆರೋಗ್ಯ ಕೇಂದ್ರಕ್ಕೆ. ಏಳೂಮುಕ್ಕಾಲಿಗೆ ಬಾಗಿಲಿಗೆ ಬೀಗ ಇತ್ತು. ಗೋಡೆಯ ಮೇಲೆ ಬರೆದಿದ್ದ ಫೋನ್ ನಂಬರಿನಲ್ಲಿ ಎರಡು ಅಂಕಿ ಅಳಿಸಿ ಹೋಗಿದ್ದವು. ಅಲ್ಲಿಂದ ಇನ್ನೊಂದು ದೊಡ್ಡ ಆಸ್ಪತ್ರೆಗೆ ಹೋದೆವು. ಎಂಟೂ ನಲವತ್ತಾಗಿತ್ತು. ಅಲ್ಲಿ ಲೈಟು ಉರಿಯುತ್ತಿತ್ತು. ಒಬ್ಬ ನರ್ಸಮ್ಮ ಇದ್ದರು. ಹಾವಿನ ವಿಷಕ್ಕೆ ಕೊಡುವ ಔಷಧವೂ ಬೀರುವಿನಲ್ಲಿ ಇತ್ತು. ಡಾಕ್ಟರ್ ಇರಲಿಲ್ಲ. ಆ ನರ್ಸಮ್ಮ ಮೇಲಿಂದ ಮೇಲೆ ಫೋನ್ ಮಾಡಿದರು. "ಔಷಧಿ ಇದೆ ಕಣಮ್ಮಾ, ಡಾಕ್ಟರ್ ಹೇಳದೆ ನಾನು ಕೊಡೋ ಹಾಗಿಲ್ಲ. ರಿಯಾಕ್ಷನ್ ಆದರೆ ಯಾರು ನೋಡ್ತಾರೆ?" ಅಂದರು. ಆಕೆಯ ಕಣ್ಣಲ್ಲೂ ನೀರಿತ್ತು. ಮುಕ್ಕಾಲು ಗಂಟೆ ಆದ ಮೇಲೆ ಫೋನಿನಲ್ಲಿ ಸಿಕ್ಕ ಡಾಕ್ಟರ್, ತುಮಕೂರಿಗೆ ಕರೆದುಕೊಂಡು ಹೋಗಿ ಅಂದರು. 108 ಬಂದು ಹೊರಡುವಾಗ ಹತ್ತಕ್ಕೆ ಹತ್ತು ನಿಮಿಷ. ದಾರಿಯಲ್ಲಿ ಮಾವನ ವಸಡಿನಿಂದ ರಕ್ತ ಬರಲು ಶುರುವಾಯಿತು. ನನ್ನ ಸೆರಗಿನಿಂದ ಒರೆಸುತ್ತಾ ಹೋದೆ.

ತುಮಕೂರಿನಲ್ಲಿ ಚಿಕ್ಕ ವಯಸ್ಸಿನ ಒಬ್ಬ ಡಾಕ್ಟರಮ್ಮ ಮಾವನ ರಕ್ತ ತೆಗೆದು ಒಂದು ಗಾಜಿನ ಟ್ಯೂಬಿಗೆ ಹಾಕಿ ಟೇಬಲ್ ಮೇಲೆ ಇಟ್ಟರು. ಇಪ್ಪತ್ತು ನಿಮಿಷ ಅದನ್ನು ಯಾರೂ ಮುಟ್ಟಬೇಡಿ ಅಂದರು. ಆಮೇಲೆ ಬಗ್ಗಿಸಿ ನೋಡಿದರು. ರಕ್ತ ಹೆಪ್ಪುಗಟ್ಟದೆ ನೀರಿನ ಹಾಗೆ ಹರಿಯಿತು. ವಿಷ ರಕ್ತಕ್ಕೆ ಏರಿದೆ ಅಂತ ಅದರಿಂದಲೇ ತಿಳಿಯುತ್ತದಂತೆ. ಕೂಡಲೇ ಔಷಧ ಶುರು ಮಾಡಿದರು. ಆಗ ಹನ್ನೆರಡೂ ಹತ್ತು. ಕಚ್ಚಿ ಐದು ಗಂಟೆ ದಾಟಿತ್ತು.

ಆ ಟ್ಯೂಬನ್ನು ನಾನು ಇವತ್ತಿಗೂ ಮರೆತಿಲ್ಲ. ಅಂಥದ್ದೇ ಗಾಜಿನ ಟ್ಯೂಬಿನಲ್ಲಿ ನಾನು ದಿನಾ ಹಾಲು ಕಾಯಿಸಿ, ಒಡೆಯುತ್ತದಾ ಇಲ್ಲವಾ ಅಂತ ನೋಡುತ್ತೇನೆ. ನಮ್ಮ ಡೇರಿಯಲ್ಲೇ ಅವು ಇವೆ. ಅಂದರೆ ಆ ಪರೀಕ್ಷೆಗೆ ದೊಡ್ಡ ಮಿಷನ್ ಬೇಡ. ಒಂದು ಒಣಗಿದ, ಶುದ್ಧವಾದ ಗಾಜಿನ ಟ್ಯೂಬು, ಒಂದು ಗಡಿಯಾರ, ನೋಡಲು ಕಲಿತ ಒಬ್ಬರು ಸಾಕು. ಔಷಧ ಬೇಕಿದ್ದರೆ ಅದು ಎಂಟೂ ನಲವತ್ತಕ್ಕೇ ನಮ್ಮ ಕಣ್ಣೆದುರು ಬೀರುವಿನಲ್ಲಿತ್ತು.

ಮಾವ ಬದುಕಿದರು. ಆದರೆ ಕಿಡ್ನಿಗೆ ಪೆಟ್ಟಾಯಿತು. ಆರು ಸಲ ಡಯಾಲಿಸಿಸ್ ಮಾಡಿಸಿದೆವು. ಎರಡು ಹಸು ಮಾರಿದೆವು. ಮುಂಚೆ ಒಬ್ಬರೇ ನೇಗಿಲು ಹಿಡಿಯುತ್ತಿದ್ದವರು ಈಗ ಜಗಲಿಯ ಮೇಲೆ ಕೂತು ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಕೊಳಕುಮಂಡಲದ ವಿಷ ರಕ್ತ ಕೆಡಿಸಿ ಆಮೇಲೆ ಕಿಡ್ನಿ ಹಿಡಿಯುತ್ತದೆ, ಔಷಧ ತಡವಾದಷ್ಟೂ ಹಾನಿ ಜಾಸ್ತಿ ಅಂತ ತುಮಕೂರಿನ ಡಾಕ್ಟರ್ ಹೇಳಿದರು. ಆ ಐದು ಗಂಟೆಯ ಲೆಕ್ಕ ನನ್ನ ಮನಸ್ಸಿನಲ್ಲಿ ಇನ್ನೂ ಮುಗಿದಿಲ್ಲ.

ಸಚಿವರೇ, ಆ ರಾತ್ರಿ ಆಸ್ಪತ್ರೆಯಲ್ಲಿ ಇಲ್ಲದಿದ್ದ ಡಾಕ್ಟರ್ ಮೇಲೆ ದೂರು ಕೊಡಲು ನಾನು ಈ ಪತ್ರ ಬರೆಯುತ್ತಿಲ್ಲ. ಹಳ್ಳಿಯ ಡಾಕ್ಟರ ಕಷ್ಟ ಏನು ಅಂತ ನಾನೂ ಹತ್ತಿರದಿಂದ ನೋಡಿದ್ದೇನೆ. ಬಯಲು ಸೀಮೆಯಲ್ಲಿ 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಅನ್ನುವುದು ಸರ್ಕಾರದ ಲೆಕ್ಕ. ಎಷ್ಟೋ ಕಡೆ ಅಷ್ಟು ಜನಕ್ಕೂ ಒಬ್ಬರೇ ಡಾಕ್ಟರ್. ಹಗಲು ಹೊರರೋಗಿಗಳು, ಲಸಿಕೆ, ಮೀಟಿಂಗು, ಕೋರ್ಟಿನ ಸಾಕ್ಷಿ. ಆಮೇಲೆ ರಾತ್ರಿಯೂ ಇರಿ ಅಂದರೆ ಒಬ್ಬ ಮನುಷ್ಯ ಎಷ್ಟು ದಿನ ಇರಲು ಸಾಧ್ಯ? ಕ್ವಾರ್ಟರ್ಸ್ ಸೋರುತ್ತದೆ. ಮಕ್ಕಳನ್ನು ಓದಿಸಲು ಹೆಂಡತಿ ಪಟ್ಟಣದಲ್ಲಿ ಮನೆ ಮಾಡಿರುತ್ತಾರೆ. ಎಂಬಿಬಿಎಸ್ ಮುಗಿಸಿದವರು ಒಂದು ವರ್ಷ ಕಡ್ಡಾಯವಾಗಿ ಸರ್ಕಾರಿ ಸೇವೆ ಮಾಡಬೇಕು ಅನ್ನುವ ಕಾಯ್ದೆ 2015ರಲ್ಲಿ ಜಾರಿಗೆ ಬಂತು. ಆ ಹುಡುಗ ಹುಡುಗಿಯರು ಬಂದರು, ಒಳ್ಳೆಯ ಕೆಲಸವನ್ನೂ ಮಾಡಿದರು. ಆದರೆ ಊರಿನ ದಾರಿ, ಜನರ ಮಾತು, ಯಾರ ಮನೆಯಲ್ಲಿ ಯಾವ ಕಾಯಿಲೆ ಅಂತ ಗುರುತಾಗುವ ಹೊತ್ತಿಗೆ ವರ್ಷ ಮುಗಿದಿರುತ್ತದೆ.

ಹಾಗಾಗಿ ನಾಳೆ ಬೆಳಗ್ಗೆ ಪ್ರತಿ ಊರಿಗೂ ರಾತ್ರಿ ಡಾಕ್ಟರ್ ಕೊಡಿ ಅಂತ ನಾನು ಕೇಳುವುದಿಲ್ಲ. ಅದು ಆಗದ ಮಾತು ಅಂತ ನನಗೂ ಗೊತ್ತು. ನಾನು ಕೇಳುವುದು ಇದು: ಇವತ್ತು ರಾತ್ರಿ ಡಾಕ್ಟರ್ ಎಲ್ಲಿದ್ದಾರೆ, ಎಲ್ಲಿ ಇಲ್ಲ ಅಂತ ನಮಗೆ ಮೊದಲೇ ನಿಜ ಹೇಳಿ.

ಡಾಕ್ಟರ್ ಇಲ್ಲದ ಊರಿನಲ್ಲಿ ನಾವು ಹೇಗೆ ಬದುಕುತ್ತಿದ್ದೇವೆ ಅಂತ ಸ್ವಲ್ಪ ಹೇಳುತ್ತೇನೆ. ನಮ್ಮ ಡೇರಿಯ ಗೋಡೆಯಲ್ಲಿ ಮೂರು ಆಟೋದವರ ನಂಬರ್ ಬರೆದಿದ್ದೇವೆ. ರಾತ್ರಿ ಎಷ್ಟು ಹೊತ್ತಿಗೆ ಕರೆದರೂ ಬರುತ್ತೇವೆ ಅಂತ ಮಾತು ಕೊಟ್ಟವರು ಅವರು. ಎಂಟನೇ ತಿಂಗಳು ಬಿದ್ದ ಕೂಡಲೇ ಬಸುರಿಯರು ತಾಯಿ ಕಾರ್ಡು, ಆಧಾರ್, ಒಂದು ಹಳೆ ಸೀರೆ, ಸ್ವಲ್ಪ ದುಡ್ಡು ಎಲ್ಲ ಒಂದು ಚೀಲಕ್ಕೆ ಹಾಕಿ ಬಾಗಿಲ ಹಿಂದೆ ನೇತು ಹಾಕುತ್ತಾರೆ. ಹೆರಿಗೆ ದಿನ ಹತ್ತಿರವಾದರೆ ಕೆಲವರು ತುಮಕೂರಿನ ನೆಂಟರ ಮನೆಗೇ ಹೋಗಿ ಇರುತ್ತಾರೆ. ಗಡಿ ದಾಟಿ ಆಂಧ್ರದ ಹಿಂದೂಪುರಕ್ಕೋ ಮಡಕಶಿರಕ್ಕೋ ಹೋಗುವವರೂ ಜಾಸ್ತಿ. ನಮಗೆ ಅತ್ತ ತೆಲುಗು, ಇತ್ತ ಕನ್ನಡ, ಎರಡೂ ಬರುತ್ತದೆ, ಅದಕ್ಕೆ ಕಷ್ಟವಿಲ್ಲ.

ಇನ್ನೊಂದು ಮಾತನ್ನೂ ಮುಚ್ಚಿಡುವುದಿಲ್ಲ. ಓದಿದ ಡಾಕ್ಟರ್ ಸಿಗದಾಗ ಜನ ಓದದವರ ಹತ್ತಿರ ಹೋಗುತ್ತಾರೆ. ಮೈಕೈ ನೋವು ಅಂದರೆ ಒಂದು ಇಂಜೆಕ್ಷನ್, ಸುಸ್ತು ಅಂದರೆ ಒಂದು ಬಾಟಲ್. ಆ ಕ್ಷಣಕ್ಕೆ ಹಾಯ್ ಅನಿಸುತ್ತದೆ. ಯಾವ ಇಂಜೆಕ್ಷನ್ ಅಂತ ಚೀಟಿ ಇರುವುದಿಲ್ಲ. ಸಕ್ಕರೆ ಕಾಯಿಲೆ ಇದ್ದವರು ಹೀಗೆ ತಿಂಗಳುಗಟ್ಟಲೆ ಬಾಟಲ್ ಹಾಕಿಸಿಕೊಂಡು, ಕಾಲಿನ ಹುಣ್ಣು ಕೊಳೆತ ಮೇಲೆ ಪಟ್ಟಣಕ್ಕೆ ಹೋಗಿದ್ದನ್ನು ನಾನು ನೋಡಿದ್ದೇನೆ. ಜನರಿಗೆ ಬುದ್ಧಿ ಇಲ್ಲ ಅಂತ ಸುಮ್ನೆ ಬಯ್ಯಬೇಡಿ. ಆ ಮನುಷ್ಯ ರಾತ್ರಿ ಹತ್ತಕ್ಕೆ ಬಾಗಿಲು ತಟ್ಟಿದರೂ ತೆಗೆಯುತ್ತಾನೆ. ಅದಕ್ಕೇ ಜನ ಅಲ್ಲಿಗೆ ಹೋಗುತ್ತಾರೆ, ಅಲ್ವಾ?

ಹಾಲಿನ ವಿಷಯಕ್ಕೆ ಬನ್ನಿ. ನಮ್ಮೂರಿಗೆ ಹಾಲಿನ ಗಾಡಿ ಇಷ್ಟು ಹೊತ್ತಿಗೆ ಬರುತ್ತದೆ ಅಂತ ಇದೆ. ಗಾಡಿ ಕೆಟ್ಟರೆ ಡ್ರೈವರ್ ಮೊದಲೇ ಫೋನ್ ಮಾಡುತ್ತಾನೆ. "ಅಕ್ಕಾ, ಒಂದು ಗಂಟೆ ಲೇಟು" ಅನ್ನುತ್ತಾನೆ. ನಾನು ಹಾಲನ್ನು ಪಕ್ಕದೂರಿನ ಕೂಲರ್‌ಗೆ ಕಳಿಸಿ ಉಳಿಸಿಕೊಳ್ಳುತ್ತೇನೆ. ಹಾಲು ಕೆಡಬಾರದು ಅಂತ ಇಷ್ಟೆಲ್ಲ ಏರ್ಪಾಡು ಇದೆ. ಆ ರಾತ್ರಿ ಯಾರಾದರೂ ಒಬ್ಬರು, "ಅಲ್ಲಿಗೆ ಹೋಗಬೇಡಿ, ಡಾಕ್ಟರ್ ಇಲ್ಲ, ಸೀದಾ ತುಮಕೂರಿಗೆ ಹೊರಡಿ" ಅಂತ ಒಂದು ಫೋನ್ ಮಾಡಿದ್ದರೆ ನಮಗೆ ಎರಡು ಗಂಟೆಗಿಂತ ಜಾಸ್ತಿ ಉಳಿಯುತ್ತಿತ್ತು.

ಅದಕ್ಕೆ ಹೊಸ ಕಟ್ಟಡ ಬೇಡ. 104 ಆರೋಗ್ಯ ಸಹಾಯವಾಣಿ ಇದೆ. 108 ಇದೆ. ಪ್ರತಿ ಆಸ್ಪತ್ರೆಯವರು ದಿನಾ ಸಂಜೆ ಐದಕ್ಕೆ ಮೂರು ವಿಷಯ ತಿಳಿಸಲಿ. ಇವತ್ತು ರಾತ್ರಿ ಡಾಕ್ಟರ್ ಇದ್ದಾರಾ, ಹಾವಿನ ವಿಷದ ಔಷಧ ಎಷ್ಟು ವಯಲ್ ಇದೆ, ಹೆರಿಗೆ ಮಾಡಿಸುವವರು ಇದ್ದಾರಾ. ನಾವು ಫೋನ್ ಮಾಡಿದರೆ ಆ ಕಡೆಯವರು ಅದನ್ನು ನೋಡಿ ಹೇಳಲಿ. ಡಾಕ್ಟರ್ ಇಲ್ಲದಿದ್ದರೆ ಇಲ್ಲ ಅಂತಲೇ ಬರೆಯಲಿ. ಹಾಗೆ ಬರೆದದ್ದಕ್ಕೆ ಅವರಿಗೆ ನೋಟಿಸ್ ಕೊಡಬೇಡಿ. ನೋಟಿಸಿನ ಭಯಕ್ಕೆ ಎಲ್ಲರೂ ಇದ್ದಾರೆ ಅಂತ ಸುಳ್ಳು ಬರೆದರೆ ನಮ್ಮ ಕಥೆ ಮೊದಲಿನ ಹಾಗೇ ಆಗುತ್ತದೆ. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಕಳಿಸುವವರು, ನಾವು ದಾರಿಯಲ್ಲಿರುವಾಗಲೇ ಮುಂದಿನವರಿಗೆ ಫೋನ್ ಮಾಡಿ ಹೇಳಲಿ.

ಎರಡನೆಯದು ಆ ನರ್ಸಮ್ಮನ ವಿಷಯ. ಇದಕ್ಕೆ ದಾರಿ ನಿಮ್ಮ ಇಲಾಖೆಯಲ್ಲೇ ಇದೆ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯನ್ನು 2023ರಲ್ಲಿ ಶುರು ಮಾಡಿದಿರಿ. ಎದೆನೋವು ಅಂತ ಬಂದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆಯುತ್ತಾರೆ. ಅದನ್ನು ಬೇರೆ ಊರಿನ ತಜ್ಞರು ನೋಡಿ ಹೇಳುತ್ತಾರೆ. ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಅನ್ನುವ ದುಬಾರಿ ಇಂಜೆಕ್ಷನ್ ಅಲ್ಲೇ ಪುಕ್ಕಟೆ ಕೊಟ್ಟು, ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ತಜ್ಞರು ಊರಿಗೆ ಬರಲು ಆಗದಿದ್ದರೂ ಅವರ ಮಾತು ಬರುತ್ತದೆ. ತುಂಬ ಒಳ್ಳೆಯ ಕೆಲಸ ಅದು. ನಮ್ಮ ಹೊಲದವರಿಗೂ ಅದೇ ಏರ್ಪಾಡು ಮಾಡಿ. ಹಾವು ಕಚ್ಚಿದವರು ಬಂದ ಕೂಡಲೇ ನರ್ಸಮ್ಮ ಟ್ಯೂಬಿನ ಪರೀಕ್ಷೆ ಇಡಲಿ. ಜಿಲ್ಲೆಗೆ ಒಬ್ಬ ಡಾಕ್ಟರ್ ರಾತ್ರಿಯಿಡೀ ಅದಕ್ಕಾಗಿಯೇ ವಿಡಿಯೋ ಫೋನಿನಲ್ಲಿ ಸಿಗಲಿ. ಅವರು ನೋಡಿ ಹೇಳಿದರೆ ಅಲ್ಲೇ ಔಷಧ ಶುರುವಾಗಲಿ. ರಿಯಾಕ್ಷನ್ ಆದರೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್ ಪಕ್ಕದಲ್ಲೇ ಸಿದ್ಧವಾಗಿ ಇರಲಿ, ಅದನ್ನು ಹೇಗೆ ಕೊಡಬೇಕು ಅಂತ ಆಕೆಗೆ ಕೈ ಹಿಡಿದು ಕಲಿಸಿ. ಹೇಳಿದ ಡಾಕ್ಟರ ಹೆಸರು, ಸಮಯ ದಾಖಲಾಗಲಿ. ಏನಾದರೂ ಆದರೆ ಆಕೆಯ ತಲೆಗೆ ಕಟ್ಟುವುದಿಲ್ಲ ಅಂತ ನಿಮ್ಮ ಆದೇಶದಲ್ಲೇ ಬರೆಯಿರಿ.

ಇದು ಸಣ್ಣ ವಿಷಯ ಅಲ್ಲ ಅಂತ ನಿಮಗೆ ಗೊತ್ತು. ನಮ್ಮ ದೇಶದಲ್ಲಿ 2000ದಿಂದ 2019ರವರೆಗೆ ಸುಮಾರು 12 ಲಕ್ಷ ಜನ ಹಾವು ಕಚ್ಚಿ ಸತ್ತಿದ್ದಾರೆ ಅಂತ ಸಂಶೋಧಕರು ಲೆಕ್ಕ ಹಾಕಿದ್ದಾರೆ. ಹೆಚ್ಚಿನವರು ಹಳ್ಳಿಯವರೇ. 2024ರಲ್ಲಿ ನಿಮ್ಮ ಸರ್ಕಾರವೇ ಹಾವಿನ ಕಡಿತವನ್ನು ಆಸ್ಪತ್ರೆಗಳು ವರದಿ ಮಾಡಲೇಬೇಕು ಅಂತ ಆದೇಶ ಮಾಡಿತು. ಹಾಗಿದ್ದ ಮೇಲೆ ಯಾವ ಊರಲ್ಲಿ, ಯಾವ ತಿಂಗಳಲ್ಲಿ, ಎಷ್ಟು ಹೊತ್ತಿಗೆ ಕಚ್ಚುತ್ತದೆ ಅನ್ನುವ ಲೆಕ್ಕ ಈಗ ನಿಮ್ಮ ಹತ್ತಿರ ಸೇರುತ್ತಿರಬೇಕು. ಅದನ್ನು ಫೈಲಿನಲ್ಲಿ ಇಡಬೇಡಿ. ಕಡ್ಲೆಕಾಯಿ ಕೀಳುವ ತಿಂಗಳಲ್ಲಿ ನಮ್ಮ ಸೀಮೆಯ ಆಸ್ಪತ್ರೆಗಳಲ್ಲಿ ಔಷಧ ಜಾಸ್ತಿ ಇರಲಿ, ರಾತ್ರಿ ಡಾಕ್ಟರ್ ಸರದಿಯೂ ಆ ತಿಂಗಳಿಗೆ ಬೇರೆ ಆಗಲಿ.

ಡಾಕ್ಟರುಗಳು ಇಲ್ಲಿ ನಿಲ್ಲಬೇಕು ಅಂದರೆ ಮೊದಲು ಅವರ ಮನೆ ಸರಿ ಮಾಡಿ. ಒಬ್ಬರನ್ನೇ ಒಂದು ಮೂಲೆಗೆ ಹಾಕುವ ಬದಲು, ಹತ್ತಿರದ ಎರಡು ಮೂರು ಕೇಂದ್ರಗಳ ಡಾಕ್ಟರುಗಳು ರಾತ್ರಿ ಸರದಿಯಲ್ಲಿ ಒಂದೇ ಕಡೆ ಇರುವ ಹಾಗೆ ಮಾಡಿದರೆ ಅವರಿಗೂ ನಿದ್ದೆ, ನಮಗೂ ಧೈರ್ಯ. ನಮ್ಮ ಕಡೆಯಿಂದಲೂ ಆಗುವುದನ್ನು ಮಾಡುತ್ತೇವೆ. ಡಾಕ್ಟರ್ ಕುಟುಂಬಕ್ಕೆ ಹಾಲು ತರಕಾರಿ ಮನೆ ಬಾಗಿಲಿಗೆ ತಲುಪಿಸುತ್ತೇವೆ. ಕುಡಿದು ಬಂದು ಗಲಾಟೆ ಮಾಡುವವರನ್ನು ಊರಿನ ಹಿರಿಯರೇ ನಿಂತು ತಡೆಯುತ್ತಾರೆ, ಆ ಮಾತು ನಾನು ಊರಿನ ಸಭೆಯಲ್ಲಿ ತೆಗೆದುಕೊಂಡಿದ್ದೇನೆ.

ಡೇರಿಯ ಗೋಡೆಯಲ್ಲಿ ಆಟೋದವರ ನಂಬರುಗಳ ಕೆಳಗೆ ಒಂದು ಚೌಕ ಬರೆದು ಸುಣ್ಣ ಬಳಿಸಿದ್ದೇನೆ. ರಾತ್ರಿ ಫೋನ್ ಮಾಡಿದರೆ ಡಾಕ್ಟರ್ ಎಲ್ಲಿದ್ದಾರೆ ಅಂತ ನಿಜ ಹೇಳುವ ನಂಬರ್ ಅಲ್ಲಿ ಬರೆಯಬೇಕು ಅಂತ ಜಾಗ ಖಾಲಿ ಬಿಟ್ಟಿದ್ದೇನೆ. ಸಂಜೆ ಹಾಲು ಹಾಕಲು ಬಂದವರು ಅದೇನು ಅಂತ ಕೇಳುತ್ತಾರೆ. ಬರುತ್ತದೆ ಅಂತ ಹೇಳುತ್ತಿದ್ದೇನೆ. ಈ ಸಲವೂ ಅಕ್ಟೋಬರ್‌ನಲ್ಲಿ ನಮ್ಮಲ್ಲಿ ಬಳ್ಳಿ ಕೀಳಲು ಶುರು ಮಾಡುತ್ತಾರೆ. ಅದಕ್ಕೆ ಮುಂಚೆ ಆ ನಂಬರ್ ಕಳಿಸಿಕೊಡಿ.

ಇಂತಿ ನಮಸ್ಕಾರಗಳೊಂದಿಗೆ,
ಒಬ್ಬ ಹಾಲಿನ ಡೇರಿ ಕಾರ್ಯದರ್ಶಿ
ತುಮಕೂರು ಜಿಲ್ಲೆ