ರೀಲ್ಸ್ ಖರ್ಚು ಯಾರ ಲೆಕ್ಕಕ್ಕೆ?

ಸಂಪಾದಕರಿಗೆ ನಮಸ್ಕಾರಗಳು.

ಕಳೆದ ವರ್ಷ ನನ್ನ ಎರಡನೆಯ ಕಥಾಸಂಕಲನದ ಕರಡು ತಿದ್ದಿ ಕಳಿಸಿದ ಮರುದಿನವೇ ಪ್ರಕಾಶಕರಿಂದ ಫೋನ್ ಬಂತು. ಮುಖಪುಟದ ಬಗ್ಗೆಯೋ ಬೆನ್ನುಡಿಯ ಬಗ್ಗೆಯೋ ಮಾತಾಡುತ್ತಾರೆಂದುಕೊಂಡಿದ್ದೆ. ಅವರು ಹೇಳಿದ್ದು ಬೇರೆಯೇ: ‘ಮೇಡಂ, ಬಿಡುಗಡೆಗೆ ಮೊದಲು ನಾಲ್ಕು ರೀಲ್ಸ್ ಮಾಡಿ ಹಾಕಿಬಿಡ್ರಿ, ಈಗ ಎಲ್ಲಾ ಲೇಖಕರೂ ಮಾಡ್ಲಿಕ್ಕತ್ತಾರ.’ ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದ ನನಗೆ ಮಕ್ಕಳ ಎದುರು ನಿಂತು ರೂಢಿಯಿದೆಯೇ ಹೊರತು ಮೊಬೈಲಿನ ಎದುರು ನಿಂತಲ್ಲ. ಆದರೂ ಮಾಡಿದೆ. ಆ ಅನುಭವದಿಂದ ಹುಟ್ಟಿದ ಒಂದು ತಕರಾರನ್ನೂ ಒಂದು ಬೇಡಿಕೆಯನ್ನೂ ತಮ್ಮ ಪತ್ರಿಕೆಯ ಮೂಲಕ ನಮ್ಮ ಕಲಬುರಗಿ ಭಾಗದ ಪ್ರಕಾಶಕರ ಮತ್ತು ಸಂಸ್ಥೆಗಳ ಮುಂದಿಡಬಯಸುತ್ತೇನೆ.

ಮೊದಲು ತಕರಾರು. ನಗರದಲ್ಲಿ ಮದುವೆ ವಿಡಿಯೊ ಮಾಡುವ ಯುವಕರೊಬ್ಬರು ನಾಲ್ಕು ಸಣ್ಣ ವಿಡಿಯೊ ತೆಗೆದು, ಎಡಿಟ್ ಮಾಡಿಕೊಡಲು 6,000 ರೂಪಾಯಿ ಕೇಳಿದರು. ಅವರ ದುಡಿಮೆಗೆ ಅದು ಹೆಚ್ಚೇನಲ್ಲ. ಆದರೆ ನನ್ನ ಪುಸ್ತಕದ ಬೆಲೆ 180 ರೂಪಾಯಿ; ಶೇ 10ರ ರಾಯಲ್ಟಿಯಂತೆ ಪ್ರತಿಯೊಂದಕ್ಕೆ ನನ್ನ ಪಾಲಿಗೆ ಬರುವುದು 18 ರೂಪಾಯಿ. ಅಚ್ಚಾಗುವುದೇ 500 ಪ್ರತಿ ಎಂದಮೇಲೆ, ಅವುಗಳಲ್ಲಿ 334 ಪ್ರತಿಗಳು ಮಾರಾಟವಾಗಿ ಹಣ ಕೈಸೇರುವವರೆಗೂ ನಾನು ದುಡಿಯುವುದು ವಿಡಿಯೊದವರ ಸಲುವಾಗಿಯೇ. ಇದರ ಮೇಲೆ ಹೆಚ್ಚು ಜನರಿಗೆ ಕಾಣುವಂತೆ ‘ಬೂಸ್ಟ್’ ಮಾಡಿಸಲು ಇನ್‌ಸ್ಟಾಗ್ರಾಂ ಕಂಪನಿಗೆ ಬೇರೆ ದುಡ್ಡು ಕಟ್ಟಬೇಕು. ಪ್ರಕಾಶಕರೊಂದಿಗಿನ ಕರಾರುಪತ್ರವನ್ನು ತೆಗೆದು ನೋಡಿದೆ. ಪುಟಗಳ ಸಂಖ್ಯೆಯಿಂದ ಗೌರವ ಪ್ರತಿಗಳವರೆಗೆ ಎಲ್ಲವೂ ಅದರಲ್ಲಿತ್ತು, ಪ್ರಚಾರದ ಖರ್ಚು ಯಾರದೆಂಬ ಮಾತು ಮಾತ್ರ ಎಲ್ಲಿಯೂ ಇರಲಿಲ್ಲ.

ಪ್ರಕಾಶಕರ ಕಷ್ಟ ನನಗೆ ಗೊತ್ತಿಲ್ಲವೆಂದಲ್ಲ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನೇ ನಂಬಿಕೊಂಡು ಕೂರುವಂತಿಲ್ಲದಾಗ ಓದುಗರನ್ನು ನೇರವಾಗಿ ಹುಡುಕಿಕೊಂಡು ಹೋಗದೆ ಅವರಿಗೂ ಗತ್ಯಂತರವಿಲ್ಲ. 2020ರ ಫೆಬ್ರುವರಿಯಲ್ಲಿ ಕಲಬುರಗಿಯಲ್ಲಿ 85ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ರೀಲ್ಸ್ ಎಂಬುದು ನಮ್ಮ ದೇಶಕ್ಕೆ ಬಂದೇ ಇರಲಿಲ್ಲ. ಅದೇ ವರ್ಷ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾಗಿ, ಜುಲೈನಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್ ಬಂದವು. ಇಷ್ಟು ಈಚಿನ ರೂಢಿಯೊಂದು ಇಷ್ಟು ಬೇಗ ಲೇಖಕರ ಕರ್ತವ್ಯವಾಗಿ ಬದಲಾದದ್ದಕ್ಕೆ ನನ್ನ ತಕರಾರು.

ದುಡ್ಡು ಕೊಡಲು ಮನಸ್ಸೊಪ್ಪದೆ ಮನೆಯಲ್ಲೇ ಪ್ರಯತ್ನಿಸಿದೆ. ಆಗ ಏಪ್ರಿಲ್, ಕಲಬುರಗಿಯ ಏಪ್ರಿಲ್ ಎಂದರೆ ಬಿಡಿಸಿ ಹೇಳಬೇಕಿಲ್ಲ. ಫ್ಯಾನ್ ಹಚ್ಚಿದರೆ ದನಿಯ ಹಿಂದೆ ಗರಗರ ಸದ್ದು, ಬಂದ್ ಮಾಡಿದರೆ ಎರಡೇ ನಿಮಿಷಕ್ಕೆ ಹಣೆಯ ಬೆವರು ಕನ್ನಡಕದ ಮೇಲೆ. ಬೆಳಗಿನ ಐದೂವರೆಗೆ ಎದ್ದು, ಜೋಳದ ಹಿಟ್ಟಿನ ಡಬ್ಬಿಗೆ ಫೋನ್ ಒರಗಿಸಿ ಶುರು ಮಾಡಿದರೆ, ನಳ ಬಂತೆಂದು ಪಕ್ಕದ ಮನೆಯವರು ಮೋಟರ್ ಹಚ್ಚಿದರು. ‘ಎಲ್ಲರಿಗೂ ನಮಸ್ಕಾರ’ ಎಂದು ಆರಂಭಿಸಿದ ಮೊದಲ ವಿಡಿಯೊ ನೋಡಿ ನನ್ನ ಅಣ್ಣನ ಮಗ ನಕ್ಕುಬಿಟ್ಟ: ‘ಅತ್ತಿ, ನೀವು ನಮಸ್ಕಾರ ಅನ್ನೂದ್ರಾಗ ಮಂದಿ ಮುಂದಿನ ವಿಡಿಯೊಕ್ಕ ಹೋಗಿರ್ತಾರ.’ ಎರಡನೆಯದರಲ್ಲಿ ಅಕ್ಷರ ಮೂಡಿಸಲು ಹೋದರೆ ಒತ್ತಕ್ಷರಗಳೆಲ್ಲ ಒಡೆದು ಪಕ್ಕಪಕ್ಕಕ್ಕೆ ಬಂದು ಕೂತವು. ಮೂರನೆಯದಕ್ಕೆ ಅವನು ಸಿನಿಮಾ ಹಾಡು ಜೋಡಿಸಿದ. ಹಕ್ಕುಸ್ವಾಮ್ಯದ ಕಾರಣಕ್ಕೆ ಅದರ ಧ್ವನಿಯನ್ನೇ ತೆಗೆದುಹಾಕಲಾಯಿತು. ತುಟಿ ಅಲ್ಲಾಡಿಸುವ ಮೂಕಿಯಾಗಿ ನಾನು ಎರಡು ದಿನ ಇನ್‌ಸ್ಟಾಗ್ರಾಂನಲ್ಲಿದ್ದೆ.

ನಾಲ್ಕನೆಯದರಲ್ಲಿ ನಮಸ್ಕಾರ, ಪರಿಚಯ, ಹಾಡು ಎಲ್ಲವನ್ನೂ ಬಿಟ್ಟು, ಗಂಜ್ ಮಾರುಕಟ್ಟೆಯಲ್ಲಿ ತೊಗರಿ ತೂಗುವವನೊಂದಿಗೆ ಮುದುಕಿಯೊಬ್ಬಳು ಜಗಳ ತೆಗೆಯುವ ಭಾಗವನ್ನು ನಮ್ಮ ಆಡುಮಾತಿನಲ್ಲೇ ನಲವತ್ತು ಸೆಕೆಂಡು ಓದಿದೆ. ಅದನ್ನು 11 ಸಾವಿರ ಮಂದಿ ನೋಡಿದರು. ‘ಇದು ಯಾವ ಸೀಮೆ ಕನ್ನಡ?’ ಎಂದು ಒಬ್ಬರು ಕೇಳಿದ್ದರು. ಆ ಪ್ರಶ್ನೆ ನಮಗೆ ಹಳೆಯದು, ಅದಕ್ಕೆ ಉತ್ತರಿಸಲಿಲ್ಲ. ಆಳಂದ ಕಡೆಯಿಂದ ಪುಣೆಗೆ ದುಡಿಯಲು ಹೋದ ಒಬ್ಬರು ಬರೆದದ್ದು ಮಾತ್ರ ಮನಸ್ಸಿನಲ್ಲಿ ಉಳಿದಿದೆ: ‘ನಮ್ಮವ್ವ ಹಿಂಗೇ ಮಾತಾಡ್ತಾಳ್ರಿ. ಪುಸ್ತಕ ಎಲ್ಲಿ ಸಿಗ್ತದ?’ ಅದಕ್ಕೆ ಕೊಡಲು ನನ್ನ ಬಳಿ ಉತ್ತರವೇ ಇರಲಿಲ್ಲ. ವಿಡಿಯೊದ ಕೆಳಗಿನ ಬರಹದಲ್ಲಿ ಹಾಕಿದ ಕೊಂಡಿ (ಲಿಂಕ್) ಇನ್‌ಸ್ಟಾಗ್ರಾಂನಲ್ಲಿ ಒತ್ತಿದರೆ ತೆರೆದುಕೊಳ್ಳುವುದಿಲ್ಲ, ಪ್ರಕಾಶಕರು ಕೊಟ್ಟ ದೂರವಾಣಿಯನ್ನು ಯಾರೂ ಎತ್ತುತ್ತಿರಲಿಲ್ಲ. ಆ ವಿಡಿಯೊದಿಂದ ಮಾರಾಟವಾದದ್ದು 23 ಪ್ರತಿ, ಅವನ್ನೂ ನಾನೇ ಅಂಚೆಗೆ ಹಾಕಿ ಕಳಿಸಿದೆ. ವಿಡಿಯೊ ಕೇಳುವ ಪ್ರಕಾಶಕರು ಮೊದಲು ಒಂದು ವಾಟ್ಸ್‌ಆ್ಯಪ್ ಸಂಖ್ಯೆಯನ್ನಾದರೂ ನೆಟ್ಟಗೆ ನಡೆಸಬೇಕು.

ಇನ್ನು ಬೇಡಿಕೆ. ಶ್ರಾವಣ ಬಂತೆಂದರೆ ನಮ್ಮ ಹಳ್ಳಿಗಳ ಮಠ, ಗುಡಿಗಳಲ್ಲಿ ಪುರಾಣ ಹಚ್ಚುತ್ತಾರೆ. ಹಾರ್ಮೋನಿಯಂ, ತಬಲಾ ಇಟ್ಟುಕೊಂಡು ಓದಿ ಹೇಳುವವರು ಅದನ್ನು ಬರೆದ ಕವಿಗಳಲ್ಲ, ಓದುವ ವಿದ್ಯೆಯಲ್ಲೇ ಪಳಗಿದವರು. ಬರೆಯಬಲ್ಲ ಎಲ್ಲರಿಗೂ ಓದುವ ದನಿ ಇರಬೇಕೆಂದೇನಿಲ್ಲ. ನಾಚಿಕೆಯ ಸ್ವಭಾವದ ಕವಿಯೊಬ್ಬನನ್ನು ಕ್ಯಾಮೆರಾ ಮುಂದೆ ಎಳೆದು ನಿಲ್ಲಿಸಿದರೆ ಕವಿತೆಗೂ ಮಾರಾಟಕ್ಕೂ ಲಾಭವಿಲ್ಲ. ನಮ್ಮೂರಿನಲ್ಲಿ ರಂಗಾಯಣ ನಾಟಕ ಸಂಸ್ಥೆಯಿದೆ, ಅಲ್ಲಿ ಕನ್ನಡವನ್ನು ಬಾಯಿತುಂಬ ಆಡಬಲ್ಲ ಕಲಾವಿದರಿದ್ದಾರೆ. ಗುಲಬರ್ಗಾ ವಿಶ್ವವಿದ್ಯಾಲಯಕ್ಕೆ ಪುಸ್ತಕ ಪ್ರಕಟಿಸುವ ತನ್ನದೇ ಪ್ರಸಾರಾಂಗವಿದೆ. ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಹೊರಗಿನ ಸದ್ದು ಬಾರದಂತೆ ಒಂದು ಸಣ್ಣ ಕೋಣೆ, ಒಂದು ಒಳ್ಳೆಯ ಮೈಕ್, ಕನ್ನಡ ಅಕ್ಷರ ಒಡೆಯದಂತೆ ಮೂಡಿಸಬಲ್ಲ ಒಂದು ಕಂಪ್ಯೂಟರ್ ಇಟ್ಟು, ವಾರಕ್ಕೆ ಒಂದು ದಿನ ಬೀದರ್, ಯಾದಗಿರಿಯ ಲೇಖಕರಿಗೂ ತೆರೆದಿಟ್ಟರೆ ದೊಡ್ಡ ಅನುದಾನವೇನೂ ಬೇಕಾಗುವುದಿಲ್ಲ. ಅಲ್ಲಿ ಮಾಡಿದ ಪ್ರತಿ ಓದಿನ ಮೂಲಪ್ರತಿಯನ್ನು ಗ್ರಂಥಾಲಯವೇ ಕಾದಿಡಬೇಕು. ಟಿಕ್‌ಟಾಕ್ ನಿಂತಾಗ ಅದರಲ್ಲಿದ್ದ ನಮ್ಮ ಹಳ್ಳಿಯ ಹುಡುಗರ ಹಾಡು, ಮಾತುಗಳೆಲ್ಲ ಒಮ್ಮೆಗೇ ಕಣ್ಮರೆಯಾದದ್ದನ್ನು ನಾವು ನೋಡಿದ್ದೇವೆ.

ನನ್ನ ಮೂರನೆಯ ಪುಸ್ತಕದ ಕರಾರುಪತ್ರ ಹೋದ ವಾರ ಅಂಚೆಯಲ್ಲಿ ಬಂತು. ‘ಪ್ರಚಾರದ ವಿಡಿಯೊಗಳ ವೆಚ್ಚವನ್ನು ಪ್ರಕಾಶಕರೇ ಭರಿಸತಕ್ಕದ್ದು, ಲೇಖಕರು ಓದಲು ಒಪ್ಪದಿದ್ದಲ್ಲಿ ಬೇರೆಯವರಿಂದ ಓದಿಸತಕ್ಕದ್ದು’ ಎಂದು ಕೆಳಗೆ ಕೈಬರಹದಲ್ಲಿ ಸೇರಿಸಿ, ಸಹಿ ಹಾಕಿ ವಾಪಸು ಕಳಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.

— ನಿವೃತ್ತ ಶಿಕ್ಷಕಿ, ಬ್ರಹ್ಮಪುರ, ಕಲಬುರಗಿ