ಮಗಳಿಗೊಂದು ಪತ್ರ: ಏಳು ದಿನಗಳ ಲೆಕ್ಕ

ಗದಗ,
ಸೋಮವಾರ ಸಂಜೆ

ಚಿರಂಜೀವಿ ಮಗಳಿಗೆ ಅವ್ವನ ಅನೇಕ ಆಶೀರ್ವಾದಗಳು.

ಸಕ್ಕರೆ ಕಾಯಿಲೆಯವರು ತಮ್ಮನ್ನು ತಾವು ಹೇಗೆ ನೋಡಿಕೊಳ್ಳುತ್ತಾರೆಂದು ತಿಳಿಯುವ ನಿನ್ನ ಅಧ್ಯಯನಕ್ಕಾಗಿ ನೀನು ಧಾರವಾಡದಿಂದ ಕಳಿಸಿದ ಪ್ರಶ್ನಾವಳಿ ಬಂದು ಮುಟ್ಟಿತು. ಕಾಗುಣಿತದ ತಪ್ಪುಗಳಿದ್ದರೆ ತಿದ್ದಿ ಕೊಡು ಎಂದಷ್ಟೇ ನೀನು ಕೇಳಿದ್ದೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳಿಗೆ ಆ ಕೆಲಸ ಒಂದು ಗಂಟೆಯಲ್ಲಿ ಮುಗಿಯಿತು. ಆದರೆ ಹದಿನಾಲ್ಕು ವರ್ಷಗಳಿಂದ ಸಕ್ಕರೆ ಕಾಯಿಲೆಯನ್ನು ಕಟ್ಟಿಕೊಂಡು ಬಾಳುತ್ತಿರುವವಳಾಗಿ ಅದನ್ನು ಮತ್ತೊಮ್ಮೆ ಓದತೊಡಗಿದಾಗ ಒಂದೊಂದು ಪ್ರಶ್ನೆಯ ಮುಂದೆಯೂ ನಿಲ್ಲಬೇಕಾಯಿತು. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲವೆಂದು ಬರೆಯುತ್ತಿದ್ದೇನೆ.

ಟೂಬರ್ಟ್, ಹ್ಯಾಂಪ್ಸನ್ ಮತ್ತು ಗ್ಲಾಸ್‌ಗೋ ಎಂಬ ಸಂಶೋಧಕರು 2000ನೇ ಇಸವಿಯಲ್ಲಿ ಪರಿಷ್ಕರಿಸಿದ ಪ್ರಶ್ನೆಗಳು ಇವೆಂದೂ, ಜಗತ್ತಿನ ಅನೇಕ ಭಾಷೆಗಳಲ್ಲಿ ಬಳಕೆಯಲ್ಲಿವೆಯೆಂದೂ ನೀನೇ ಹೇಳಿದ್ದೀ. ಕಳೆದ ಏಳು ದಿನಗಳಲ್ಲಿ ಎಷ್ಟು ದಿನ ಸರಿಯಾದ ಆಹಾರ ತೆಗೆದುಕೊಂಡಿರಿ, ಎಷ್ಟು ದಿನ ನಡೆದಿರಿ, ಎಷ್ಟು ದಿನ ರಕ್ತದ ಸಕ್ಕರೆ ನೋಡಿಕೊಂಡಿರಿ ಎಂದು ಕೇಳಿ ಸೊನ್ನೆಯಿಂದ ಏಳರವರೆಗೆ ಅಂಕಿ ಬರೆಸುವ ಕ್ರಮ ಅಚ್ಚುಕಟ್ಟಾಗಿದೆ. ಕನ್ನಡಕ್ಕೆ ತಂದದ್ದನ್ನು ಬೇರೊಬ್ಬರಿಂದ ಮತ್ತೆ ಇಂಗ್ಲಿಷಿಗೆ ಮಾಡಿಸಿ ಮೂಲದೊಂದಿಗೆ ಹೋಲಿಸಿ ನೋಡಿದ್ದೂ ಒಳ್ಳೆಯದೇ. ಆದರೆ ಆ ಪರೀಕ್ಷೆಯಲ್ಲಿ ಪೂರ್ಣ ಅಂಕ ಪಡೆದ ವಾಕ್ಯವೂ ನಮ್ಮ ಓಣಿಗೆ ಬಂದಾಗ ಅರ್ಥ ಕಳೆದುಕೊಳ್ಳಬಹುದು ಎಂಬುದನ್ನು ನಾನು ಕಣ್ಣಾರೆ ಕಂಡೆ.

ಬೆಟಗೇರಿಯ ಮಗ್ಗದ ಮನೆಯ ಅಜ್ಜಿ ನಿನಗೆ ನೆನಪಿರಬೇಕು. ಪದಗಳು ತಿಳಿಯುತ್ತವೆಯೇ ಎಂದು ನೋಡುವುದಕ್ಕಷ್ಟೇ ಅವರ ಮುಂದೆ ಓದಿದೆ. ಅವರ ಉತ್ತರಗಳನ್ನು ನಿನ್ನ ಅಧ್ಯಯನಕ್ಕೆ ಸೇರಿಸಕೂಡದು, ಸಂಶೋಧನೆಗೆ ಅನುಮತಿ ಕೊಡುವ ನಿಮ್ಮ ನೈತಿಕ ಸಮಿತಿಯ ಒಪ್ಪಿಗೆ ಅದಕ್ಕಿಲ್ಲ. "ಕಳೆದ ಏಳು ದಿನಗಳಲ್ಲಿ ಎಷ್ಟು ದಿನ ಪಾದರಕ್ಷೆಯ ಒಳಭಾಗವನ್ನು ಪರೀಕ್ಷಿಸಿದಿರಿ?" ಎಂದು ಕೇಳಿದಾಗ ಅವರು ಬಹಳ ಹೊತ್ತು ಯೋಚಿಸಿ, "ಚಪ್ಪಲಿ ಒಳಗ ಏನ ನೋಡೂದ್ರಿ ಅಕ್ಕೋರ? ಅವು ಹೊಸ್ತಲಾ ದಾಟಿ ಒಳಗ ಬರಂಗಿಲ್ಲ, ನಾ ಅವನ್ನ ಹಾಕ್ಕೊಳ್ಳೂದ ಊರಿಗೆ ಹೋಗುವಾಗ" ಎಂದರು. ಬೂಟಿನೊಳಗೆ ಹರಳು ಸಿಕ್ಕಿಕೊಂಡರೆ ಸಕ್ಕರೆ ಕಾಯಿಲೆಯಿಂದ ಜೋಮು ಹಿಡಿದ ಪಾದಕ್ಕೆ ತಿಳಿಯುವುದಿಲ್ಲ, ಗಾಯವಾಗಿ ಕೀವುಗಟ್ಟಿದ ಮೇಲೆಯೇ ಗೊತ್ತಾಗುತ್ತದೆ ಎಂಬುದು ಆ ಪ್ರಶ್ನೆಯ ಹಿಂದಿನ ಕಾರಣ. ದಿನವಿಡೀ ಬೂಟು ಹಾಕಿಕೊಳ್ಳುವ ದೇಶದವರಿಗೆ ಹೊಂದುವ ಪ್ರಶ್ನೆ ಅದು. ಬರಿಗಾಲಲ್ಲಿ ಅಂಗಳ, ಹಿತ್ತಲು, ಗುಡಿ ಎಲ್ಲ ತಿರುಗುವ ಹೆಣ್ಣುಮಗಳಿಗೆ ಕೇಳಬೇಕಾದದ್ದು ಅಂಗಾಲಿನ ಬಗ್ಗೆ.

ಅದನ್ನೇ ಕೇಳಿದೆ. ದಿನಾ ಅಂಗಾಲು ನೋಡಿಕೊಳ್ಳುತ್ತೀರಾ ಎಂದಾಗ ಇಲ್ಲವೆಂದರು. ನಿನ್ನ ಹಾಳೆಯಲ್ಲಿ ಅದು ಸೊನ್ನೆ. ಆಮೇಲೆ ಅವರು ತಾವಾಗಿಯೇ ಕಾಲು ಮಡಚಲು ಪ್ರಯತ್ನಿಸಿ ತೋರಿಸಿದರು. ಮೊಣಕಾಲು ಅರ್ಧಕ್ಕೇ ನಿಂತಿತು. ಮಡಚಿದ್ದರೂ ಪೊರೆ ಬಂದ ಕಣ್ಣಿಗೆ ಅಂಗಾಲು ಕಾಣುತ್ತಿರಲಿಲ್ಲ. ನಾನೇ ಕೆಳಗೆ ಕುಳಿತು ಪಾದವನ್ನು ಬೆಳಕಿಗೆ ಎತ್ತಿ ನೋಡಿದೆ. ಹಿಮ್ಮಡಿಯ ಒಡಕುಗಳ ನಡುವೆ ಎಳ್ಳುಕಾಳಿನಷ್ಟು ಕರಿಯ ಚುಕ್ಕೆಯೊಂದಿತ್ತು, ಸುತ್ತಲೂ ಚರ್ಮ ಬೆಳ್ಳಗೆ ಮೆತ್ತಗಾಗಿತ್ತು. ಒತ್ತಿದರೂ ಅಜ್ಜಿಯ ಮುಖ ಬದಲಾಗಲಿಲ್ಲ. ಅದು ಮುರಿದ ಜಾಲಿಮುಳ್ಳು. ಎಷ್ಟು ದಿನಗಳಿಂದ ಇತ್ತೋ ಅವರಿಗೂ ತಿಳಿಯದು. ಅಂದೇ ಅವರನ್ನು ದವಾಖಾನೆಗೆ ಕರೆದುಕೊಂಡು ಹೋಗಿ ತೆಗೆಸಿದೆವು. ಅಲ್ಲಿ ಸಣ್ಣ ನೈಲಾನ್ ಎಳೆಯೊಂದನ್ನು ಪಾದದ ಬೇರೆ ಬೇರೆ ಕಡೆ ಮುಟ್ಟಿಸಿ ನೋಡಿದರು. 10 ಗ್ರಾಂ ಒತ್ತಡಕ್ಕೆ ಬಾಗುವ ಎಳೆ ಅದೆಂದು ನೀನು ರಜೆಯಲ್ಲಿ ಬಂದಾಗ ತೋರಿಸಿದ್ದೆಯಲ್ಲ, ಅದೇ. ಹೆಚ್ಚಿನ ಕಡೆ ಅವರಿಗೆ ಸ್ಪರ್ಶವೇ ತಿಳಿಯಲಿಲ್ಲ.

ಆ ಸೊನ್ನೆಯನ್ನು ಓದುವವರು ಅಜ್ಜಿಯದು ನಿರ್ಲಕ್ಷ್ಯವೆಂದು ತಿಳಿಯುತ್ತಾರೆ. ಅಂಕಿಯ ಪಕ್ಕದಲ್ಲಿ ಕಾರಣ ಬರೆಯಲು ಎರಡು ಗೆರೆಯಷ್ಟು ಜಾಗ ಬಿಡು ಎಂಬುದು ಈ ಪತ್ರದಲ್ಲಿ ನಾನು ನಿನ್ನನ್ನು ಕೇಳುತ್ತಿರುವ ಮುಖ್ಯ ಮಾತು.

ಮಾತ್ರೆಯ ಪ್ರಶ್ನೆಗೂ ಇದೇ ಮಾತು ಅನ್ವಯಿಸುತ್ತದೆ, ಅದು ನನ್ನ ಸ್ವಂತ ಅನುಭವ. ನೀನಾಗ ಪಿಯುಸಿಯಲ್ಲಿದ್ದೆ, ನಿನಗೆ ಹೇಳಿರಲಿಲ್ಲ. ಶ್ರಾವಣ ಸೋಮವಾರದ ಉಪವಾಸದಲ್ಲಿ ಎಂದಿನಂತೆ ಗ್ಲಿಮೆಪಿರೈಡ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಶಾಲೆಗೆ ಹೋದೆ. ಮೂರನೆಯ ಪಿರಿಯಡ್ಡಿನಲ್ಲಿ ಕೈ ನಡುಗಿ ಸೀಮೆಸುಣ್ಣ ಬಿತ್ತು, ಬೆನ್ನೆಲ್ಲ ಬೆವರಿತು, ಹಲಗೆಯ ಮೇಲೆ ನಾನೇ ಬರೆದ ಸಾಲು ನನಗೆ ಓದಲಾಗಲಿಲ್ಲ. ಹುಡುಗಿಯೊಬ್ಬಳು ಓಡಿಹೋಗಿ ಬಿಸಿಯೂಟದ ಅಡುಗೆಮನೆಯಿಂದ ಬೆಲ್ಲ ತಂದುಕೊಟ್ಟಳು. ಹೊಟ್ಟೆಗೆ ಊಟ ಬೀಳಲಿ ಬೀಳದಿರಲಿ ಆ ಮಾತ್ರೆ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ, ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಅಪಾಯ ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ, ನಿನ್ನಿಂದ. ಶಾಲೆಯಲ್ಲಿ ಹಾಗಾದ ದಿನದಿಂದ ಪ್ರತಿ ಸೋಮವಾರ ಮಾತ್ರೆ ಬಿಡತೊಡಗಿದೆ. ಮುಂದಿನ ತಪಾಸಣೆಯಲ್ಲಿ ಅದನ್ನು ಮುಚ್ಚಿಡದೆ ಹೇಳಿದೆ. ಕೇಳಿಸಿಕೊಂಡವರು ಯಾಕೆ ಎಂದು ಕೇಳಲಿಲ್ಲ, ನನ್ನ ಫೈಲಿನಲ್ಲಿ "ಸೂಚನೆ ಪಾಲಿಸುತ್ತಿಲ್ಲ" ಎಂದು ಬರೆದರು. ಆ ಆಸ್ಪತ್ರೆಯ ಹೆಸರು ಬೇಡ; ಅಂದು ಸಾಲಿನಲ್ಲಿ ನೂರಾರು ಜನರಿದ್ದರು, ಅವರ ಕಷ್ಟವೂ ನನಗೆ ಅರ್ಥವಾಗುತ್ತದೆ. ಆದರೆ ನಂತರದ ಎರಡು ವರ್ಷ ನಾನು ಯಾರಿಗೂ ನಿಜ ಹೇಳಲಿಲ್ಲ. ನಾನಾಗಿಯೇ ಮಾತ್ರೆ ಬಿಟ್ಟದ್ದು ತಪ್ಪು, ಉಪವಾಸವಿದೆಯೆಂದು ಮೊದಲೇ ಹೇಳಿದರೆ ಮಾತ್ರೆಯನ್ನೋ ಸಮಯವನ್ನೋ ವೈದ್ಯರು ಬದಲಿಸಿ ಕೊಡುತ್ತಾರೆ ಎಂದು ಕೊನೆಗೆ ತಿಳಿಸಿಕೊಟ್ಟವರು ಒಬ್ಬ ನರ್ಸ್. ಅವರು ಮೊದಲು ಕೇಳಿದ್ದು, "ಸೋಮವಾರ ಏನ ಆಗತೈತ್ರಿ?" ಎಂದು.

ಇನ್ನು ಆಹಾರ. "ಆರೋಗ್ಯಕರ ಆಹಾರ ಕ್ರಮ" ಎಂದು ನೀನು ಬರೆದದ್ದು ನಮ್ಮ ಕಡೆ ಯಾರ ಬಾಯಲ್ಲೂ ಇಲ್ಲ. ಜನ ಪಥ್ಯ ಎನ್ನುತ್ತಾರೆ. ಆದರೆ ಪಥ್ಯಕ್ಕೆ ಒಂದು ಕೊನೆಯಿದೆ. ಕಾಮಾಲೆಯ ಪಥ್ಯ, ಬಾಣಂತಿಯ ಪಥ್ಯ ಇವೆಲ್ಲ ಇಷ್ಟು ದಿನವೆಂದು ಮಾಡಿ ಬಿಡುವಂಥವು. ಪಥ್ಯ ಎಂದು ಕೇಳಿದರೆ "ಮಾಡಿ ಮುಗಿಸೇನ್ರಿ" ಎಂಬ ಉತ್ತರವೂ ಬಂದೀತು. ಸಕ್ಕರೆ ಬಿಟ್ಟಿದ್ದೇನೆಂದು ಬೆಲ್ಲದ ಚಹಾ ಕುಡಿಯುವವರು, ಜೋಳ ಒಳ್ಳೆಯದೆಂದು ಒಂದೇ ಊಟಕ್ಕೆ ಐದು ರೊಟ್ಟಿ ತಿನ್ನುವವರು ಪ್ರಾಮಾಣಿಕವಾಗಿಯೇ ಏಳಕ್ಕೆ ಏಳು ಎಂದು ಬರೆಸುತ್ತಾರೆ. ಎಷ್ಟು ರೊಟ್ಟಿ, ಯಾವ ಹೊತ್ತಿಗೆ, ಚಹಾಕ್ಕೆ ಏನು ಹಾಕುತ್ತೀರಿ ಎಂದು ನೇರವಾಗಿ ಕೇಳು.

ಕಾರ್ಬಿನ್ ಎಂಬ ನರ್ಸಿಂಗ್ ಸಂಶೋಧಕಿ ಮತ್ತು ಸ್ಟ್ರಾಸ್ ಎಂಬ ಸಮಾಜಶಾಸ್ತ್ರಜ್ಞ ಸೇರಿ 1988ರಲ್ಲಿ ಬರೆದದ್ದನ್ನು ನೀನು ಹೇಳಿದಾಗಿನಿಂದ ಅದು ನನ್ನ ಮನಸ್ಸಿನಲ್ಲೇ ಉಳಿದಿದೆ. ದೀರ್ಘಕಾಲದ ಕಾಯಿಲೆಯೆಂದರೆ ಮನೆಯೊಳಗೆ ನಡೆಯುವ ದುಡಿಮೆ, ಕಾಯಿಲೆಯ ಕೆಲಸ ಒಂದು, ಸಂಸಾರದ ಕೆಲಸ ಇನ್ನೊಂದು, ತಾನು ಯಾರಾಗಿದ್ದೆ, ಈಗ ಯಾರಾಗಿದ್ದೇನೆ ಎಂದು ಮನಸ್ಸನ್ನು ಹೊಂದಿಸಿಕೊಳ್ಳುವ ಕೆಲಸ ಮೂರನೆಯದು ಎಂದರಂತೆ. ಆ ಎರಡನೆಯ ಮತ್ತು ಮೂರನೆಯ ಕೆಲಸಕ್ಕೆ ನಿನ್ನ ಹಾಳೆಯಲ್ಲಿ ಒಂದು ಪ್ರಶ್ನೆಯೂ ಇಲ್ಲ. ಬೆಟಗೇರಿಯ ಅಜ್ಜಿಗೆ ರಕ್ತದೊತ್ತಡವೂ ಇದೆ, ಮೊಣಕಾಲು ನೋವೂ ಇದೆ. ಸಕ್ಕರೆಯ ಡಾಕ್ಟರು ದಿನಾ ನಡೆಯಿರಿ ಎನ್ನುತ್ತಾರೆ, ಮೊಣಕಾಲಿನ ಡಾಕ್ಟರು ಹೆಚ್ಚು ನಡೆಯಬೇಡಿ ಎಂದಿದ್ದಾರೆ. ಇಬ್ಬರ ಮಾತನ್ನೂ ಹೊತ್ತುಕೊಂಡು ಮನೆಗೆ ಬಂದವರು ಅಂದು ಸಂಜೆ ಏನು ಮಾಡಿದರು ಎಂಬುದನ್ನು ಯಾರು ದಾಖಲಿಸುತ್ತಾರೆ? ಅವರಿಗಾಗಿ ಉಪ್ಪು ಕಡಿಮೆಯ ಪಲ್ಯವನ್ನು ಬೇರೆ ಮಾಡುವ ಸೊಸೆ ನಿನ್ನ ಲೆಕ್ಕದಲ್ಲಿ ಎಲ್ಲಿದ್ದಾಳೆ?

2023ರಲ್ಲಿ ಪ್ರಕಟವಾದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ ಎಂದಿತು. ಇಷ್ಟು ಜನರನ್ನು ವೈದ್ಯರು ನೋಡುವುದು ಕೆಲವು ತಿಂಗಳಿಗೊಮ್ಮೆ ಕೆಲವು ನಿಮಿಷ. ಉಳಿದ ದಿನಗಳಲ್ಲಿ ಏನು ನಡೆಯುತ್ತದೆ ಎಂದು ಕುಳಿತು ಕೇಳುವ ಶಾಸ್ತ್ರ ನಿನ್ನದು, ಆದ್ದರಿಂದಲೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮೂಲದ ಪ್ರಶ್ನೆಗಳನ್ನು ಮನಬಂದಂತೆ ಬದಲಿಸಿದರೆ ಬೇರೆ ಅಧ್ಯಯನಗಳೊಂದಿಗೆ ಹೋಲಿಸಲಾಗದು ಎಂದು ನಿನ್ನ ಮಾರ್ಗದರ್ಶಕರು ಹೇಳಬಹುದು, ಆ ಮಾತೂ ಸರಿಯೇ. ಹಾಗಾದರೆ ಅಂಕಿಯನ್ನು ಹಾಗೆಯೇ ಇರಿಸಿ ಕಾರಣದ ಸಾಲುಗಳನ್ನು ಕೆಳಗೆ ಸೇರಿಸಲು ಅವರ ಒಪ್ಪಿಗೆ ಕೇಳು. ನಾನು ಪೆನ್ಸಿಲಿನಿಂದ ಗುರುತು ಮಾಡಿದ ಪ್ರತಿ ಈ ಪತ್ರದ ಜೊತೆಗಿದೆ. ಅಜ್ಜಿಯ ಹಿಮ್ಮಡಿ ಇನ್ನೂ ಒಣಗಿಲ್ಲ, ಆದರೆ ಕೀವು ನಿಂತಿದೆ. ಅವರ ಮೊಮ್ಮಗ ರಾತ್ರಿ ಮಲಗುವ ಮುಂಚೆ ಮೊಬೈಲ್ ಬೆಳಕು ಹಿಡಿದು ಎರಡೂ ಅಂಗಾಲು ನೋಡುತ್ತಿದ್ದಾನೆ. ನಿನ್ನೆಗೆ ಆರು ದಿನವಾಯಿತು.

ನಿನ್ನ,
ಅವ್ವ